ಅಪ್ಪನ ನಾಡಿ ನೂರಾ ಹನ್ನೆರಡು

ಅವ್ವಾ,

ಮುಧೋಳದಿಂದ ಬಂದಾಗ ಅಂಗಳದಲ್ಲಿ ಲಾರಿ ಕಾಣದಿದ್ದರೆ ಗಾಬರಿಯಾಗಬೇಡ. ಅಪ್ಪ ಮನೆಯಲ್ಲೇ ಇದ್ದಾನೆ.

ಮೊನ್ನೆ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಲಾರಿ ಡ್ರೈವರ್‌ಗಳ ತಪಾಸಣೆ ಇತ್ತು. ಕೂತಲ್ಲೇ ಅಪ್ಪನ ನಾಡಿ ನೂರಾ ಹನ್ನೆರಡು, ಬಿ.ಪಿ.ಯೂ ಜಾಸ್ತಿ. ಸಿಮೆಂಟ್ ಲೋಡು ಒಯ್ಯಬೇಡಿ ಎಂದರು ಡಾಕ್ಟರು.

"ಇಪ್ಪತ್ತಾರು ವರ್ಷ ಗಾಡಿ ಹೊಡದೀನ್ರಿ, ನನಗೇನಾಗತದ?" ಎಂದು ಅಪ್ಪ ಎದ್ದೇಬಿಟ್ಟ.

"ಸ್ಟೇರಿಂಗ್ ಮ್ಯಾಲೆ ನಿಮಗೇನರ ಆದ್ರ, ಎದುರಿಗಿ ಬರೋರ ಗತಿ ಏನ್ರಿ?" ಎಂದರು ಡಾಕ್ಟರು.

ಅಪ್ಪ ಮತ್ತೆ ಕುಳಿತ. ಆಮೇಲೆ ಜೊತೆಗಿದ್ದ ಡ್ರೈವರ್ ದಿಲೀಪ ಕಾಕಾನ ಕೈಗೆ ತಾನೇ ಲಾರಿ ಕೀಲಿ ಕೊಟ್ಟ. ಲೋಡು ಈಗ ಅವನೇ ಒಯ್ಯುತ್ತಾನೆ.

ನಿನ್ನೆ ಕಲಬುರಗಿಯಲ್ಲಿ ತೋರಿಸಿಕೊಂಡು ಬಂದೆವು. ಹೃದಯಕ್ಕೆ ಇನ್ನೂ ಪೆಟ್ಟಾಗಿಲ್ಲವಂತೆ. ಒಂದು ತಿಂಗಳು ಗುಳಿಗೆ, ನಿದ್ದೆ, ನಡಿಗೆ. ನಂತರ ಮತ್ತೆ ನೋಡಿ ಹೇಳುತ್ತಾರೆ.

ಗುಳಿಗೆ ಟಿ.ವಿ. ಪಕ್ಕ ಇವೆ, ಊಟವಾದ ಮೇಲೆ ಒಂದು ಕೊಡು. ಉಪ್ಪಿನಕಾಯಿ ಭರಣಿ ಅಟ್ಟದ ಮೇಲಿಟ್ಟಿದ್ದೇನೆ, ಕೇಳಿದರೂ ಇಳಿಸಬೇಡ. ನೀನು ಇಳಿಸುತ್ತೀ, ನನಗೆ ಗೊತ್ತು.

ನನಗೆ ಬಸ್ಸಿನ ಹೊತ್ತಾಯಿತು. ಈಗಷ್ಟೇ ಅಪ್ಪ ತಾನಾಗಿ ಕೈ ಚಾಚಿ, "ಲುಂಬಿನಿ, ಎಷ್ಟದ ನೋಡವ್ವಾ" ಎಂದ. ನಾನು ಎಣಿಸಿ ಮುಗಿಸುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತು.

ಎಪ್ಪತ್ತೆಂಟು. ಎದ್ದಾಗ ನೀನೇ ಹೇಳು.

ಲುಂಬಿನಿ