ವಿಧವೆಯ ಮಣೆ

ಅಪ್‌ಕಾಟ್ ಮನೆ, ಹಾರ್ಕೂಂಬ್,
ಸಾಮರ್ಸೆಟ್ ಸೀಮೆ.
1662ನೇ ಇಸವಿ, ಅಕ್ಟೋಬರ್ 9

ಸಿಬಿಲ್‌ಗೆ,

ಇದನ್ನು ಬರೆಯುತ್ತಿರುವವಳು ಅಪ್‌ಕಾಟ್ ಮನೆಯ ಥಾಮಸಿನ್ ಗೋವಿಯರ್. ರಾಬರ್ಟ್ ಗೋವಿಯರನ ವಿಧವೆ, ಹಾರ್ಕೂಂಬಿನ ಒಕ್ಕಲುಗಳಲ್ಲಿ ಎಲ್ಲರಿಗಿಂತ ಹಿರಿಯಳು, ನಲವತ್ತು ಎಕರೆಯನ್ನು ಇಪ್ಪತ್ತೊಂದು ವರ್ಷದಿಂದ ಒಬ್ಬಳೇ ಉಳಿಸಿಕೊಂಡು ಬಂದವಳು, ಚರ್ಚಿನಲ್ಲಿ ಎರಡನೆಯ ಸಾಲಿನ ಬೆಂಚಿನಲ್ಲಿ ಕೂರುವವಳು. ನಿನ್ನ ತಾಯಿ ಎಂದು ಮೊದಲ ಸಾಲಿನಲ್ಲೇ ಬರೆದರೆ ನೀನು ಕಾಗದವನ್ನು ಅಲ್ಲಿಗೇ ಮಡಚಿಬಿಡುವೆಯೇನೋ ಎಂದು ಅನುಮಾನವಾಯಿತು. ಅಕ್ಷರ ನೋಡಿಯೇ ನಿನಗೆ ಗುರುತು ಸಿಕ್ಕಿರುತ್ತದೆ. ಆ ಅಕ್ಷರವನ್ನು ನಿನಗೆ ಒಲೆಯ ಬೂದಿಯಲ್ಲಿ ತಿದ್ದಿಸಿದವಳು ನಾನೇ.

ಆರು ವರ್ಷ ಬರೆಯಲಿಲ್ಲ. ಇದಕ್ಕೆ ನೆಪ ಹೇಳುವುದಿಲ್ಲ. ಸಾಮಾನು ಸಾಗಿಸುವ ಟೋಬಿಯಾಸ್ ಹದಿನೈದು ದಿನಕ್ಕೊಮ್ಮೆ ಬ್ರಿಜ್‌ವಾಟರ್‌ಗೆ ಹೋಗಿಬರುತ್ತಾನೆ. ನೀನು ಅಲ್ಲಿ ಉಣ್ಣೆ ನೂತು ಬದುಕುತ್ತಿದ್ದೀಯೆಂದು ಅವನಿಂದ ತಿಳಿದೇ ಇತ್ತು. ಮಗು ಚೆನ್ನಾಗಿದ್ದಾಳೆ, ತುಂಬ ಮಾತಾಡುತ್ತಾಳೆ ಎಂದ. ಹೆಸರೇನು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಮೊದಲು ಊರಿನ ಸುದ್ದಿ ಹೇಳಿಬಿಡುತ್ತೇನೆ. ಬಾರ್ಲಿ ಚೆನ್ನಾಗಿ ಬಂತು. ಸೇಬಿನ ಮದ್ಯ ಈ ಸಲ ಸ್ವಲ್ಪ ಹುಳಿ. ನಮ್ಮ ಕೆಂಪು ಹಸು ಸತ್ತಿತು, ಅದರ ಕರು ಈಗ ಎರಡನೆಯ ಸಲ ಈದಿದೆ. ನದಿಯ ಬದಿಯ ಹುಲ್ಲುಗಾವಲನ್ನು ಈ ವರ್ಷವೂ ಸೇಬು ಎತ್ತಿಯೇ ಹಂಚಿದೆವು. ಬಾತಿನ ಪಾದ, ಕೊಂಬು, ಕೊಡಲಿ ಎಂದು ಒಂದೊಂದು ಮನೆಯ ಗುರುತನ್ನು ಒಂದೊಂದು ಸೇಬಿನ ಮೇಲೆ ಕೊರೆದು ಚೀಲಕ್ಕೆ ಹಾಕುವುದು ನಿನಗೆ ನೆನಪಿರಬೇಕು. ಒಂದು ವರ್ಷ ನೀನು ಚೀಲದೊಳಗೆ ಕೈ ಹಾಕಿ, ಎತ್ತಿದ ಸೇಬನ್ನು ಯಾರಿಗೂ ತೋರಿಸದೆ ಕಚ್ಚಿಬಿಟ್ಟಿದ್ದೆ. ಗುರುತು ನಿನ್ನ ಹೊಟ್ಟೆಗೆ ಹೋಗಿತ್ತು. ಹನ್ನೆರಡು ಜನ ಗಂಡಸರು ಕುಡುಗೋಲು ಹಿಡಿದು ನಿಂತಿದ್ದರು, ಯಾರ ಪಾಲು ಎಲ್ಲಿ ಎಂದು ಯಾರಿಗೂ ತಿಳಿಯದು. ನಿನ್ನ ಅಪ್ಪ ನಕ್ಕು ನಕ್ಕು ಹುಲ್ಲಿನ ಮೇಲೆ ಕೂತುಬಿಟ್ಟ. ನಾನು ನಿನಗೆ ಎರಡು ಬಿಟ್ಟೆ. ಈಗ ಅನ್ನಿಸುತ್ತದೆ, ಅವನ ಪಕ್ಕದಲ್ಲಿ ನಾನೂ ಒಂದು ಗಳಿಗೆ ಕೂರಬಹುದಿತ್ತು.

ವಸಂತದಲ್ಲಿ ಊರಿನ ಎಲ್ಲೆ ಸುತ್ತುವ ದಿನವೂ ನೆನಪಾಗುತ್ತದೆ. ಎಲ್ಲೆಕಲ್ಲು ಬಂದಾಗಲೆಲ್ಲ ಮಕ್ಕಳನ್ನು ತಲೆಕೆಳಗೆ ಹಿಡಿದು ಮೆಲ್ಲಗೆ ಕಲ್ಲಿಗೆ ತಾಗಿಸಿ, ಆಮೇಲೆ ಕೈಗೆ ಸಿಹಿರೊಟ್ಟಿ ಕೊಡುತ್ತಿದ್ದೆವು.

"ರೊಟ್ಟಿ ಕೊಡೋದಾದ್ರೆ ಸುಮ್ನೆ ಕೊಡ್ಬಾರ್ದಾ, ತಲೆ ಯಾಕೆ ಕುಟ್ಟಿಸ್ತೀರಾ?" ಎಂದು ಏಳು ವರ್ಷದ ನೀನು ಕೇಳಿದ್ದೆ.

"ನೀನು ಮುದುಕಿ ಆದಾಗ ಕಲ್ಲು ಎಲ್ಲಿತ್ತು ಅಂತ ಯಾರಾದ್ರೂ ಕೇಳಿದ್ರೆ ಹೇಳ್ಬೇಕಲ್ಲ, ಅದಕ್ಕೆ" ಎಂದೆ. ನೆನಪೇ ನಮ್ಮ ಕಾನೂನು ಎಂದು ನಂಬಿ ಬದುಕಿದವಳು ನಾನು. ನಿನಗೆ ಮಾಡಿದ ಅನ್ಯಾಯವೂ ಆ ನೆನಪಿನಿಂದಲೇ ಆಯಿತು.

ರಾಜನ ಕಡೆಯವರೂ ಪಾರ್ಲಿಮೆಂಟಿನ ಕಡೆಯವರೂ ಕಾದಾಡಿದ ವರ್ಷಗಳಲ್ಲಿ ಊರಿನ ಭೂಮಿಯ ಒಡೆಯರ ಹಳೆಯ ಕಡತಗಳೆಲ್ಲ ಸುಟ್ಟುಹೋದವು. ಯಾವ ಮನೆಗೆ ಯಾವ ಹಕ್ಕು ಎಂಬುದಕ್ಕೆ ಒಂದು ಚೂರು ಕಾಗದ ಉಳಿಯಲಿಲ್ಲ. ಆಮೇಲೆ ಬಂದ ಪಾರುಪತ್ಯಗಾರ ಮಾಸ್ಟರ್ ಆಶ್‌ಬೀ ಒಂಬತ್ತು ವರ್ಷದ ಹಿಂದೆ ಒಡೆಯರ ಪರವಾಗಿ ಒಕ್ಕಲುಗಳ ಸಭೆ ಸೇರಿಸಿ, "ವಿಧವೆಯರ ಹಕ್ಕು ಅನ್ನೋದು ಎಲ್ಲಿ ಬರೆದಿದೆ, ತೋರಿಸಿ" ಎಂದ. ಒಕ್ಕಲುಗಳ ಪೈಕಿ ಆರಿಸಿದ ಹನ್ನೆರಡು ಜನ ಪಂಚರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ನನ್ನನ್ನು ಕರೆಸಿದರು. ನನ್ನ ಅತ್ತೆ ಉರ್ಸುಲಾ ಈ ಊರಿನ ರೂಢಿಗಳನ್ನೆಲ್ಲ ನನ್ನ ಕಿವಿಗೆ ಹಾಕಿಯೇ ಸತ್ತವಳು ಎಂಬುದು ಎಲ್ಲರಿಗೂ ಗೊತ್ತಿತ್ತು.

ನಾನು ಬೈಬಲ್ಲಿನ ಮೇಲೆ ಕೈಯಿಟ್ಟು ಹೇಳಿದೆ. ಗಂಡ ಸತ್ತರೆ ಅವನ ಮನೆ, ಹೊಲ ಎಲ್ಲವೂ ಹೆಂಡತಿಗೆ, ಅವಳು ಬದುಕಿರುವವರೆಗೆ. ಇದನ್ನು ವಿಧವೆಯ ಮಣೆ ಎನ್ನುತ್ತಾರೆ. ಆ ಮಣೆಯಿಂದ ಅವಳನ್ನು ಒಡೆಯನೂ ಎಬ್ಬಿಸುವಂತಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಯಾರೂ ಹೆಚ್ಚಿಗೆ ಕೇಳುತ್ತಿರಲಿಲ್ಲ. ಆದರೆ ಒಂದು ಅಕ್ಷರ ತಪ್ಪದೆ ಹೇಳುತ್ತೇನೆಂಬ ಜಂಬ ನನಗೆ. "ಅವಳು ಇನ್ನೊಂದು ಮದುವೆಯಾಗದೆ, ಶೀಲ ಕಳಕೊಳ್ಳದೆ ಇರುವವರೆಗೆ" ಎಂಬುದನ್ನೂ ಸೇರಿಸಿದೆ. ಪಾರುಪತ್ಯಗಾರನ ಗುಮಾಸ್ತ ಅಷ್ಟನ್ನೂ ಬರೆದುಕೊಂಡ. ಊರಿನ ಐದು ಜನ ವಿಧವೆಯರು ಆ ದಿನ ನನ್ನ ಕೈ ಹಿಡಿದುಕೊಂಡು ಅತ್ತರು. ನಾನು ತಲೆಯೆತ್ತಿ ಮನೆಗೆ ಬಂದೆ.

ಮೂರು ವರ್ಷದ ಮೇಲೆ ಅದೇ ಮಾತು ನಿನ್ನ ಬಾಗಿಲಿಗೆ ಬಂತು. ನಿನ್ನ ಗಂಡ ಹಂಫ್ರಿ ಸತ್ತು ಪೂಲ್‌ಹೌಸಿನ ಹದಿನೆಂಟು ಎಕರೆ ನಿನ್ನ ಪಾಲಿಗೆ ಉಳಿದಿತ್ತು. ಆಮೇಲೆ ನೀನು ಮೆಚ್ಚಿದ, ಬೇಲಿ ಕಟ್ಟುವ ಜಾಸ್ಪರ್ ಒಳ್ಳೆಯ ಹುಡುಗ. ಅದನ್ನು ಇವತ್ತು ಹೇಳುತ್ತಿದ್ದೇನೆ, ಅವತ್ತು ಹೇಳಲಿಲ್ಲ. ಅವನನ್ನು ಮದುವೆಯಾದರೆ ಭೂಮಿ ಹೋಗುತ್ತಿತ್ತು, ಆಗದೆ ಇದ್ದುದಕ್ಕೂ ಭೂಮಿ ಹೋಯಿತು. ಅವನನ್ನು ನೌಕಾಪಡೆಯವರು ಎಳೆದುಕೊಂಡು ಹೋದರು, ತಿರುಗಿ ಬರಲಿಲ್ಲ. ನಿನ್ನ ಹೊಟ್ಟೆ ಕಾಣಿಸುವ ಹೊತ್ತಿಗೆ ಆಶ್‌ಬೀ ಸಭೆಯಲ್ಲಿ ನನ್ನದೇ ಮಾತನ್ನು ನನ್ನ ಕಡೆ ತಿರುಗಿ ಓದಿದ. "ಗೋವಿಯರಮ್ಮ, ಇದು ನೀವೇ ಹೇಳಿದ್ದಲ್ವಾ?" "ಹೌದು" ಎಂದೆ. ನೀನು ನನ್ನನ್ನು ನೋಡಿದೆ, ಅಷ್ಟೇ.

ಸಿಬಿಲ್, ಅತ್ತೆ ನನಗೆ ಹೇಳಿದ್ದು ಅಷ್ಟೇ ಆಗಿರಲಿಲ್ಲ. ರೂಢಿಗೆ ಇನ್ನೂ ಅರ್ಧವಿತ್ತು. ಹಾಗೆ ಮಣೆ ಕಳಕೊಂಡ ವಿಧವೆ ವಿಲೋ ಮರದ, ಸಿಪ್ಪೆ ಸುಲಿದ ಒಂದು ಬಿಳಿ ಕೋಲು ಹಿಡಿದು, ಬರಿಗಾಲಲ್ಲಿ, ತಲೆಗೂದಲು ಬಿಚ್ಚಿಕೊಂಡು ಸಭೆಯ ಹೊಸ್ತಿಲ ಮೇಲೆ ನಿಂತು, "ತಪ್ಪು ನನ್ನದು, ಮನೆ ನನ್ನದು, ಒಳಗೆ ಬಿಡಿ" ಎಂದು ಮೂರು ಸಲ ಹೇಳಬೇಕು. ಹನ್ನೆರಡು ಜನರೂ "ಬಾ" ಎನ್ನಲೇಬೇಕು. ಹಾಗೆಂದ ಮೇಲೆ ಭೂಮಿ ತಿರುಗಿ ಅವಳದು.

ಒಂಬತ್ತು ವರ್ಷದ ಹಿಂದೆ ಇದನ್ನು ನುಂಗಿಕೊಂಡೆ. ಮರೆತಿರಲಿಲ್ಲ. ಆ ಹೊಸ್ತಿಲ ಮೇಲೆ ಕೊನೆಯದಾಗಿ ನಿಂತವಳು ನನ್ನ ಅತ್ತೆಯೇ. ಅದನ್ನು ಕಣ್ಣಾರೆ ಕಂಡವರು ಯಾರೂ ಆ ಹೊತ್ತಿಗೆ ಉಳಿದಿರಲಿಲ್ಲ. ನಿನ್ನ ಚಿಕ್ಕಪ್ಪ ಹುಟ್ಟಿದ್ದು ನಿನ್ನ ಅಜ್ಜ ಸತ್ತ ಎರಡು ವರ್ಷಕ್ಕೆ. ಬೀನ್ಸ್ ಸುಲಿಯುತ್ತ ಕೂತಾಗ ಅತ್ತೆ ಇದನ್ನು ಹೇಳಿ ನಕ್ಕಿದ್ದಳು. "ಕಾಲು ತಣ್ಣಗಾಯ್ತು, ಅಷ್ಟೇ ಕಣೆ. ಭೂಮಿ ಏನು ನಾಚಿಕೊಳ್ಳುತ್ತಾ?" ನನಗೆ ನಗು ಬರಲಿಲ್ಲ. ಗೋವಿಯರರ ಮನೆಗೆ ಸೊಸೆಯಾಗಿ ಬಂದ ಹೆಮ್ಮೆ ನನ್ನದು. ಅದನ್ನು ತುಂಬಿದ ಸಭೆಯಲ್ಲಿ, ಪಾದ್ರಿಯ ಎದುರಿಗೆ, ನನ್ನ ಬಾಯಾರೆ ಹೇಳಲು ಮನಸ್ಸು ಒಪ್ಪಲಿಲ್ಲ. ಆಮೇಲೆ ನಿನ್ನನ್ನು ಎಬ್ಬಿಸಿದ ದಿನ ಹೇಳಬಹುದಿತ್ತು. ಹೇಳಿದ್ದರೆ, ಬೈಬಲ್ ಮುಟ್ಟಿ ಅರ್ಧ ಮುಚ್ಚಿಟ್ಟವಳು ಎಂದಾಗುತ್ತಿತ್ತು. ಮಗಳಿಗಿಂತ ನನ್ನ ಮಾತು ದೊಡ್ಡದಾಯಿತು.

ಪೂಲ್‌ಹೌಸಿನಲ್ಲಿ ಇಷ್ಟು ದಿನ ಆಶ್‌ಬೀಯ ಕುರಿಗಳಿದ್ದವು. ನೀನು ನೆಟ್ಟ ಪೇರ್ ಗಿಡದ ತೊಗಟೆಯನ್ನು ಅವು ತಿಂದುಹಾಕಿವೆ. ಈ ಬೇಸಿಗೆಯ ಸಭೆಯಲ್ಲಿ ಅವನು, ನವೆಂಬರ್ ಬರುವಷ್ಟರಲ್ಲಿ ಮನೆ ಕೆಡವಿಸಿ ಸುತ್ತ ಬೇಲಿ ಹಾಕಿಸುತ್ತೇನೆಂದು ಸಾರಿದ. ಮನೆ ಬಿದ್ದರೆ ಹಕ್ಕೂ ಹೋದಂತೆ. ಅದಾದ ಮೇಲೆ ನನಗೆ ಊಟ ಸೇರಲಿಲ್ಲ.

ಹೋದ ವಾರ ಸಭೆ ಸೇರಿತು. ಕರೆಯುವ ಮೊದಲೇ ಎದ್ದು ನಿಂತೆ. ರೂಢಿಯ ಉಳಿದರ್ಧವನ್ನು ಹೇಳಿದೆ, ಅತ್ತೆಯ ಹೆಸರನ್ನೂ ಹೇಳಿದೆ. ಹಿಂದುಗಡೆ ಯಾರೋ ಕಿಸಕ್ಕನೆ ನಕ್ಕರು.

ಆಶ್‌ಬೀ ಲೇಖನಿ ಕೆಳಗಿಟ್ಟ. "ಒಂಬತ್ತು ವರ್ಷದ ಹಿಂದೆ ಬೈಬಲ್ ಮುಟ್ದಾಗ ಇದು ನೆನಪಾಗ್ಲಿಲ್ವಾ ಗೋವಿಯರಮ್ಮ? ಮಗಳಿಗೆ ಬೇಕಾದಾಗ ನೆನಪಾಯ್ತಾ?"

"ನೆನಪು ಆಗ್ಲೂ ಇತ್ತು. ಹೇಳೋ ಯೋಗ್ಯತೆ ಇರ್ಲಿಲ್ಲ."

"ಹಾಗಾದ್ರೆ ಆಣೆ ಮುರಿದಿದ್ದೀರಿ. ಆಣೆ ಮುರಿದವಳ ಮಾತು ನಾನು ಬರಕೊಳ್ಳಲ್ಲ."

ಆಗ ಪಂಚರ ಮುಖ್ಯಸ್ಥ ಗಿಲ್ಬರ್ಟ್ ಟೂಜ್ ಎದ್ದ. ನಿನಗೆ ಗೊತ್ತಲ್ಲ, ಒಂದು ಮಾತಾಡಲು ಎರಡು ಸಲ ಮೂಗೊರೆಸಿಕೊಳ್ಳುವವನು. "ಸ್ವಾಮಿ, ನಾನು ದಡ್ಡ, ಬಿಡಿಸಿ ಹೇಳಿ. ಈಯಮ್ಮನ ಮಾತು ನಂಬಿ ತಾನೆ ಸಿಬಿಲ್‌ನ ಎಬ್ಬಿಸಿದ್ದು? ಒಂದೇ ಬಾಯಿಂದ ಬಂದಿದ್ದು ಸ್ವಾಮಿ ಎರಡೂ. ನಿಮಗೆ ರುಚಿಯಾದ ಅರ್ಧ ತಿಂದು, ಉಳಿದರ್ಧ ಹುಳುಕು ಅನ್ನೋದು ಯಾವ ನ್ಯಾಯ?"

"ಹಾಗಾದ್ರೆ ಎರಡೂ ಸುಳ್ಳು ಅಂತ ಬರಕೋತೀನಿ. ಯಾವ ವಿಧವೆಗೂ ಮಣೆ ಇಲ್ಲ" ಎಂದ ಆಶ್‌ಬೀ. ನಿನ್ನೊಬ್ಬಳಿಗಾಗಿ ಹೋಗಿ ಊರಿನ ವಿಧವೆಯರನ್ನೆಲ್ಲ ಬೀದಿಗೆ ಹಾಕಿದೆನೇ ಎಂದುಕೊಂಡೆ.

ಗಿಲ್ಬರ್ಟ್ ಮತ್ತೆ ಮೂಗೊರೆಸಿಕೊಂಡ. "ಬರಕೊಳ್ಳಿ. ಆದ್ರೆ ಒಂಬತ್ತು ವರ್ಷದಿಂದ ಏಳು ಜನ ವಿಧವೆಯರಿಗೆ ನೀವೇ ನಿಮ್ಮ ಕೈಯಾರೆ ಪತ್ರ ಬರೆದು, ಒಡೆಯರ ಮುದ್ರೆ ಒತ್ತಿ ಕೊಟ್ಟಿದ್ದೀರಿ. ಒಡೆಯರ ಮುದ್ರೆನೂ ಸುಳ್ಳು ಅಂತ ಅದರ ಕೆಳಗೇ ಬರಕೊಳ್ಳಿ. ನಮಗೆ ಓದೋಕೆ ಬರಲ್ಲ, ಒಡೆಯರಿಗೆ ಬರುತ್ತೆ."

ಸಭೆ ಗೊಳ್ಳೆಂದು ನಕ್ಕಿತು. ಆಶ್‌ಬೀ ನಗಲಿಲ್ಲ. ಪಂಚರು ಹೊರಗೆ ಹೋಗಿ ಯೂ ಮರದ ಕೆಳಗೆ ಬಹಳ ಹೊತ್ತು ನಿಂತು ಬಂದರು. ರೂಢಿ ನಿಜ ಎಂದರು. ಜೊತೆಗೆ ಇನ್ನೊಂದನ್ನೂ ಬರೆಸಿದರು: ಥಾಮಸಿನ್ ಗೋವಿಯರಳ ಸಾಕ್ಷಿ ಇನ್ನು ಈ ಸಭೆಯಲ್ಲಿ ಸಲ್ಲದು, ಎಲ್ಲೆ ಸುತ್ತುವಾಗ ಹಿರಿಯರ ಜೊತೆ ಅವಳು ಮುಂದೆ ನಡೆಯುವಂತಿಲ್ಲ. ಅದನ್ನು ಓದಿ ಹೇಳುವಾಗ ಗಿಲ್ಬರ್ಟ್ ನನ್ನ ಮುಖ ನೋಡಲಿಲ್ಲ. ತೀರ್ಪು ಸರಿಯಾಗಿದೆ. ನಾನೇ ಪಂಚರಲ್ಲಿ ಒಬ್ಬಳಾಗಿದ್ದರೂ ಅದನ್ನೇ ಬರೆಸುತ್ತಿದ್ದೆ.

ಪೂಲ್‌ಹೌಸ್ ಈಗ ನಿನ್ನದು. ಬರೆದಾಗಿದೆ, ಮುದ್ರೆ ಬಿದ್ದಿದೆ. ಪತ್ರವನ್ನು ಇದರ ಜೊತೆ ಟೋಬಿಯಾಸನ ಕೈಯಲ್ಲಿ ಕಳಿಸಿದ್ದೇನೆ. ಕುರಿಗಳನ್ನು ಓಡಿಸಿ, ನೆಲ ತಿಕ್ಕಿಸಿ, ಹೊಗೆಗೂಡು ಚೊಕ್ಕ ಮಾಡಿಸಿದ್ದೇನೆ. ಬರುವುದೂ ಬಿಡುವುದೂ ನಿನ್ನಿಷ್ಟ. ಬಂದರೆ ನನ್ನ ಮನೆಯ ಮುಂದಿನ ದಾರಿಯಲ್ಲೇ ಬರಬೇಕೆಂದಿಲ್ಲ, ಗಿರಣಿಯ ಕಡೆಯಿಂದಲೂ ದಾರಿಯಿದೆ.

ದೇವರು ನಿನ್ನನ್ನೂ ನಿನ್ನ ಮಗಳನ್ನೂ ಬೆಚ್ಚಗಿಡಲಿ. ನಿನ್ನ ನೂಲು ಕಡಿಯದಿರಲಿ.

ನಿನ್ನ ತಾಯಿ,
ಥಾಮಸಿನ್ ಗೋವಿಯರ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ನೀನು ಊರು ಬಿಟ್ಟ ಬೆಳಿಗ್ಗೆ ಅಪ್‌ಕಾಟಿನ ಬಾಗಿಲು ಬಡಿದೆ. ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಹೋಗಿರಬೇಕು. ನಾನು ಒಳಗೇ ಇದ್ದೆ. ಅಗುಳಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ನೀನು ಮೂರು ಸಲ ಬಡಿದೆ, ಆಮೇಲೆ "ಅಮ್ಮ, ನೀರಾದ್ರೂ ಕೊಡು" ಎಂದೆ. ತುಂಬು ಬಸುರಿ. ನಿನ್ನ ಹೆಜ್ಜೆ ಸಪ್ಪಳ ತಿರುವಿನಲ್ಲಿ ಅಡಗುವವರೆಗೂ ಅಲ್ಲೇ ನಿಂತಿದ್ದೆ. ಆರು ವರ್ಷ ಆ ಬಾಗಿಲಲ್ಲಿ ಓಡಾಡಲಾರದೆ ಹಿತ್ತಿಲ ಕಡೆಯಿಂದ ಓಡಾಡಿದ್ದೇನೆ.

ಇನ್ನೊಂದಿದೆ. ಬ್ರಿಜ್‌ವಾಟರ್ ಸಂತೆಯಲ್ಲಿ ಯಾರಾದರೂ ನಿನಗೆ ನಗುತ್ತಾ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ರೂಢಿ ನಿಜವೆಂದಾದ ಮೇಲೆ ಆಶ್‌ಬೀ, "ಸರಿ, ಕೋಲು ಹಿಡಿಯೋ ವಿಧವೆ ಎಲ್ಲಿ?" ಎಂದು ಕೇಳಿದ. ದೂರವಿರುವ ಒಕ್ಕಲಿನ ಪರವಾಗಿ ರಕ್ತಸಂಬಂಧಿ ನಿಲ್ಲಬಹುದೆಂಬುದು ಎಲ್ಲ ಸಭೆಗಳಲ್ಲೂ ನಡೆದು ಬಂದದ್ದು. ಅದಕ್ಕೆ ನನ್ನ ಸಾಕ್ಷಿ ಬೇಕಾಗಲಿಲ್ಲ, ಗಿಲ್ಬರ್ಟನೇ ಹೇಳಿದ. ನಾನು ಬೂಟು ಕಳಚಿದೆ. ಟೋಪಿ ತೆಗೆದು ಕೂದಲು ಬಿಚ್ಚಿದೆ. ಬೆಳ್ಳಗಾಗಿದೆ, ಉದುರಿ ಅರ್ಧವಾಗಿದೆ. ಬಿಳಿ ಕೋಲು ಹಿಡಿದು ಹೊಸ್ತಿಲ ಮೇಲೆ ನಿಂತೆ, ಕಲ್ಲು ಒದ್ದೆಯಾಗಿತ್ತು. ಚರ್ಚಿನಲ್ಲಿ ನನ್ನ ಜೊತೆ ಎರಡನೆಯ ಸಾಲಿನ ಬೆಂಚಿನಲ್ಲಿ ಕೂರುವವರೆಲ್ಲ ನೋಡುತ್ತಿದ್ದರು. ಮೂರು ಸಲ ಹೇಳಿದೆ, ಹನ್ನೆರಡು ಜನರೂ "ಬಾ" ಎಂದರು.

ಅದರಲ್ಲಿ ಮನೆ ನನ್ನದು ಎಂದದ್ದು ಮಾತ್ರ ನಿನ್ನ ಪರವಾಗಿ. ತಪ್ಪು ನನ್ನದು ಎಂದದ್ದು ನನ್ನ ಪರವಾಗಿಯೇ.