‘ಬೇಡ’ ಎಂದು ಒತ್ತಿದ ಕೋಲು

ಮಾರ್ಚ್ 3, ಮಂಗಳವಾರ

ಇವತ್ತು 212 ಫೋಟೋ. ಬೆರಳು ಸೆಟೆದುಕೊಂಡಿದೆ. ಒಂದು ನಾಯಿಯ ಬಾಲಕ್ಕೇ ಹತ್ತು ನಿಮಿಷ ಹೋಯಿತು, ದರಿದ್ರದ್ದು, ಕೂದಲು ಕೂದಲು.

ಮೂರು ವರ್ಷದಿಂದ ಇದೇ. ಫೋಟೋದಲ್ಲಿರುವ ಒಂದೊಂದರ ಸುತ್ತ ಗೆರೆ ಎಳಿ, ಹೆಸರು ಕೊಡು, ‘ಇರಲಿ’ ಅಥವಾ ‘ಬೇಡ’ ಒತ್ತು. ಕರೆಂಟ್ ವೈರ್ — ಬೇಡ. ಕಸದ ಬುಟ್ಟಿ — ಬೇಡ. ಹಿಂದೆ ಹಲ್ಲು ಕಿರಿಯುವ ಯಾರೋ ಪುಣ್ಯಾತ್ಮ — ಬೇಡ. ನಮ್ಮದನ್ನು ನೋಡಿ ನೋಡಿ ಮೆಷಿನ್ನು ಕಲಿಯುತ್ತದಂತೆ. ಆಮೇಲೆ ಜನ ಫೋನಿನಲ್ಲಿ ಒಂದು ಸಲ ಒತ್ತಿದರೆ ಬೇಡದ್ದೆಲ್ಲ ಮಾಯ. ಖಾಲಿ ಜಾಗಕ್ಕೆ ಗೋಡೆಯೋ ಹುಲ್ಲೋ ತಾನೇ ತುಂಬಿಕೊಳ್ಳುತ್ತದೆ.

ಸೂಪರ್‌ವೈಸರ್ ಕರೆದು ಹೇಳಿದರು — ನನ್ನ ಮುನ್ನೂರು ಫೋಟೋ ಇನ್ನುಮೇಲೆ ‘ಮಾದರಿ’. ಅದೇ ಫೋಟೋಗಳಲ್ಲಿ ಬೇರೆಯವರು ಒತ್ತಿದ್ದು ಅದಕ್ಕೆ ಹೊಂದದಿದ್ದರೆ ಅವರದೇ ತಪ್ಪು. ನನಗೆ ಕೊಂಬು ಬಂತು. ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ, “ಹಾಗಾದ್ರೆ ಟೀಚರಮ್ಮ ಆದೆ ಅನ್ನು” ಅಂದಳು.

ಮಾರ್ಚ್ 12

ಪಕ್ಕದ ಸೀಟಿನ ಹೊಸ ಹುಡುಗಿ, ಎಲ್ಲರೂ ‘ಕನ್ನಡಕ’ ಅಂತಾರೆ, ನನ್ನ ಮಾದರಿಗೆ ಹೊಂದದೆ ನಾಲ್ಕನೇ ಸಲ ಫೇಲು. ನನ್ನ ಹತ್ತಿರ ಬಂದು ನಿಂತಳು.

“ಮೇಡಂ, ಮಾದರಿ ಫೋಟೋದಲ್ಲಿ ಊರುಗೋಲಿಗೆ ‘ಬೇಡ’ ಒತ್ತಿದೀರ. ಅದಿಲ್ದೆ ಆ ತಾತ ಹೇಗೆ ನಿಂತ್ಕೋತಾರೆ?”

“ಫೋಟೋದಲ್ಲಿ ಯಾರೂ ಬೀಳಲ್ಲಮ್ಮ” ಅಂದೆ.

ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ಅವಳು ಮತ್ತೆ ‘ಇರಲಿ’ ಅಂತಲೇ ಒತ್ತಿದಳು. ಹಟಮಾರಿ.

ಮಾರ್ಚ್ 20

ಕನ್ನಡಕಳನ್ನು ಕೆಲಸದಿಂದ ತೆಗೆದರು. ಸ್ಕೋರ್ ಸಾಲದು ಅಂತ. ಹೋಗುವಾಗ ಎಲ್ಲರಿಗೂ ಹೇಳಿ ಹೋದಳು, ನನಗೂ. ಟೀ ತಣ್ಣಗಿತ್ತು.

ಮೇ 9, ಶನಿವಾರ

ಅಕ್ಕ ಸ್ವಂತ ಅಂಗಡಿ ಹಾಕುತ್ತಿದ್ದಾಳೆ. ಹದಿನೆಂಟು ವರ್ಷ ಕಂಡವರ ಅಂಗಡಿಯಲ್ಲಿ ಹೊಲಿದದ್ದು ಸಾಕಂತೆ. ಬೋರ್ಡಿಗೆ ಅವಳ ಫೋಟೋ ಬೇಕು. ಅಂಗಡಿ ಮುಂದೆ ನಿಲ್ಲಿಸಿ ತೆಗೆದೆ. ಹಿಂದೆ ಬಕೆಟ್ಟು, ವೈರು, ಪೇಂಟಿನ ಡಬ್ಬ. ಬೇಡದ್ದನ್ನು ಅಳಿಸುವ ಬಟನ್ನು ಫೋನಿನಲ್ಲಿ ಹೊಸದಾಗಿ ಬಂದಿದೆಯಲ್ಲ, ನಮ್ಮದೇ ಅದು — ನೋಡು ನನ್ನ ಕೈಚಳಕ ಅಂತ ಜಂಬದಿಂದ ಒತ್ತಿದೆ.

ಬಕೆಟ್ಟು ಹೋಯಿತು. ವೈರು ಹೋಯಿತು. ಅಕ್ಕನ ಊರುಗೋಲೂ ಹೋಯಿತು.

ಕಂಕುಳ ಕೆಳಗೆ ಗೋಡೆ. ಏನನ್ನೂ ಹಿಡಿಯದ ಮುಷ್ಟಿ. ಮೈ ಎಡಕ್ಕೆ ವಾಲಿದೆ, ಸಣ್ಣ ಕಾಲು ನೆಲ ಮುಟ್ಟಿಲ್ಲ.

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಗಾಳಿಗೆ ಒರಗಿದೀನಿ ನೋಡೇ! ಯಾರೇ ಇದಕ್ಕೆ ಹೇಳಿಕೊಟ್ಟಿದ್ದು, ನನ್ನ ಕೋಲು ಬೇಡ ಅಂತ?”

ಸುಮ್ಮನೆ ಕೇಳಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. “ಮೆಷಿನ್ ತಾನೇ, ತಪ್ಪು ಮಾಡುತ್ತೆ” ಅಂದೆ.

ಮೇ 11

ನನ್ನ ಮುನ್ನೂರನ್ನೂ ತೆಗೆದು ನೋಡಿದೆ. ಹದಿನೇಳು ಕೋಲು. ಹದಿನೇಳೂ ‘ಬೇಡ’. ಒಂದರ ಹತ್ತಿರವೂ ಯೋಚಿಸಿದ ನೆನಪಿಲ್ಲ. ಬೆರಳಿಗೆ ಮೊದಲೇ ಗೊತ್ತಿತ್ತು.

ಗೊತ್ತಿರದೆ ಏನು. ಚಿಕ್ಕಂದಿನಲ್ಲಿ ಮನೆಯಲ್ಲಿ ಫೋಟೋ ತೆಗೆಯುವಾಗೆಲ್ಲ ಅಕ್ಕನ ಕೋಲು ಇಸಿದುಕೊಂಡು ಬಾಗಿಲ ಹಿಂದೆ ಇಟ್ಟು ಬರುತ್ತಿದ್ದವಳು ನಾನು. ಗೆಳತಿಯರು ನೋಡಿದರೆ ನಾಚಿಕೆ ಅಂತ. ಅವಳು ನನ್ನ ಹೆಗಲು ಹಿಡಿದು ನಿಲ್ಲುತ್ತಿದ್ದಳು. ಕ್ಯಾಮರಾದವನು ತಡಮಾಡಿದರೆ ಆ ಕೈ ನಡುಗುತ್ತಿತ್ತು.

ಸೂಪರ್‌ವೈಸರ್‌ಗೆ ಹೇಳಿದೆ. ಕಣ್ತಪ್ಪು ಅಂದೆ. ಕಣ್ತಪ್ಪಂತೆ! “ಮುಂದಿನದಕ್ಕೆ ತಿದ್ದೋಣ ಬಿಡಿ, ಹಿಂದಿನದು ಆಗಲೇ ಮೆಷಿನ್ನಿಗೆ ಹೋಗಾಯ್ತು.” ಮತ್ತೆ ಆ ಹುಡುಗಿ? “ಅದು ಮುಗಿದ ಕಥೆ ಅಲ್ವಾ.”

ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರು ಯಾರು.

ಮೇ 12

ಕನ್ನಡಕಳಿಗೆ ಮೆಸೇಜ್ ಹಾಕಿದೆ. ಸರಿಯಾಗಿ ಒತ್ತಿದ್ದು ನೀನು, ತಪ್ಪು ನನ್ನದು, ಸೂಪರ್‌ವೈಸರ್‌ಗೂ ಬರೆದು ಕೊಡುತ್ತೇನೆ ಅಂತ. ಸಂಜೆ ಉತ್ತರ ಬಂತು: “ಪರವಾಗಿಲ್ಲ ಮೇಡಂ. ತಾತನ ಕೋಲು ವಾಪಸ್ ಕೊಟ್ರಾ?”

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮೇ 13, ಸಂಜೆ 6

ನಾಳೆ ಬೋರ್ಡಿನವನಿಗೆ ಫೋಟೋ ಕೊಡಬೇಕು. “ಬಕೆಟ್ಟು ತೆಗಿ, ಕೋಲು ಇರಲಿ. ಅದಿಲ್ದೆ ಗಿರಾಕಿಗಳಿಗೆ ನನ್ನ ಗುರುತೇ ಸಿಗಲ್ಲ” — ಅಕ್ಕನ ಆರ್ಡರ್.

ಏನೂ ಅಳಿಸದ ಮೊದಲಿನ ಫೋಟೋ ತೆಗೆದುಕೊಂಡು, ಆ ಬಟನ್ನು ಒತ್ತದೆ ಕೈಯಲ್ಲೇ ಮಾಡಿದೆ. ಕೋಲಿನ ಸುತ್ತ ನಿಧಾನವಾಗಿ ಗೆರೆ ಎಳೆದೆ, ರಬ್ಬರ್ ಬುಡದಿಂದ ಮೇಲಕ್ಕೆ. ಕಂಕುಳ ಹತ್ತಿರ ದೊಡ್ಡದು ಮಾಡಿದಾಗ ಕಂಡಿತು — ಸುತ್ತಿ ಹೊಲಿದ ನೀಲಿ ಚೌಕಳಿ ಬಟ್ಟೆ. ನನ್ನ ಸ್ಕೂಲಿನ ಲಂಗದ್ದು. ಕೋಲು ಬದಲಾದಾಗೆಲ್ಲ ಅದನ್ನು ಬಿಚ್ಚಿ ಹೊಸದಕ್ಕೆ ಹೊಲಿದಿರಬೇಕು. ಎಷ್ಟು ಸಲ ಬಾಗಿಲ ಹಿಂದೆ ಇಟ್ಟಿದ್ದೇನೆ, ಒಂದು ಸಲವೂ ನೋಡಿರಲಿಲ್ಲ.

ಅಕ್ಕ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

“ಹ್ಞಾ, ಈಗ ನಾನು ನಾನಾದೆ. ಚಿಕ್ಕವಳಿದ್ದಾಗ ಇದನ್ನ ಬಚ್ಚಿಡ್ತಿದ್ದೆಯಲ್ಲೇ ನೀನು.”

“ನಾಚಿಕೆಗೆ ಅಂತ ಗೊತ್ತಿತ್ತಾ?” ಅಂದೆ.

“ಗೊತ್ತಾಗದೆ ಏನು. ಬಿಡೇ, ಮಗು ಆಗಿದ್ದೆ. ಈಗ ನೋಡು, ನೀನೇ ಕೂತು ವಾಪಸ್ ಹಾಕ್ತಿದೀಯ.” ತಲೆ ಸವರಿ ಟೀ ಇಡಲು ಹೋದಳು.

ಮಗು ಆಗಿದ್ದೆನಂತೆ. ಮಾರ್ಚಿನಲ್ಲೂ ಮಗುವೇ? ಮೂವತ್ತೊಂದು ವರ್ಷ ನನಗೆ.

ಕೋಲಿನ ಸದ್ದು. ಬರುತ್ತಿದ್ದಾಳೆ. ಈಗ ಹೇಳದಿದ್ದರೆ ಇನ್ನು ಹೇಳಲಾರೆ. ಅಕ್ಕಾ, ಅವತ್ತು ನೀನು ಕೇಳಿದೆಯಲ್ಲ, ಯಾರೇ ಹೇಳಿಕೊಟ್ಟಿದ್ದು ಅಂತ —