ಬಾನೆಟ್ಟಿನ ಮೇಲೆ ಅರಮನೆ

ಮಾರ್ಚ್ 4, ಬೆಳಿಗ್ಗೆ ಏಳು

ಹಗ್ಗ ಮತ್ತೆ ಸಡಿಲ. ಎದ್ದ ಕೂಡಲೇ ಅದೇ ಕೆಲಸ — ಅಂಗಳಕ್ಕಿಳಿ, ಅಕ್ಕನ ಕಾರಿಗೆ ಒಂದು ಸುತ್ತು ಹಾಕು, ಗಾಳಿಗೆದ್ದ ಪರದೆಯನ್ನು ಬಂಪರಿಗೆ ಬಿಗಿ. ನಮ್ಮ ಡ್ರಾಮಾ ಕಂಪನಿ ಮುಚ್ಚಿದಾಗ ನಾನು ಹೊತ್ತು ತಂದ, ಎಣ್ಣೆಬಣ್ಣದಲ್ಲಿ ಅರಮನೆ ಬರೆದ ಪರದೆ. ಮೂವತ್ತು ವರ್ಷ ಅದರ ಮುಂದೆ ನಿಂತು ಗರ್ಜಿಸಿದ್ದೇನೆ. ಎಂಟು ತಿಂಗಳಿಂದ ಅದೇ ಕಾರಿನ ಕವರು.

ಅಕ್ಕನಿಗೆ ಗೊತ್ತಿಲ್ಲ. ಸೊಂಟದ ಆಪರೇಷನ್ನಿಗೆಂದು ಮಗಳ ಮನೆಗೆ ಹೊರಟಾಗ ಕೀಲಿ ಕೈಗಿಟ್ಟು ಒಂದೇ ಮಾತು ಹೇಳಿದ್ದಳು: "ಬಿಸಿಲು ಮಳೆಗೆ ತಡೆಯೋ ಒಳ್ಳೇ ಕವರ್ ತಗೊಳ್ಳೋ. ಅಂಗಡೀಲಿ ವಿಚಾರಿಸಿ ತಗೋ." ಎದೆ ತಟ್ಟಿ ಹೂಂ ಅಂದೆ. ನಾಳೆ, ನಾಡಿದ್ದು... ಫೋನಿನಲ್ಲಿ ಕೇಳಿದಾಗ ತಗೊಂಡೆ ಅಂದುಬಿಟ್ಟೆ. ಅಷ್ಟಕ್ಕೇ ನಿಲ್ಲುವ ಬಾಯಿಯೇ ಇದು? "ಕವರಲ್ಲ ಅಕ್ಕಾ, ಕವಚ! ಗಾಳಿಯೂ ಒಳಗೆ ನುಸುಳದು!" ವಾರಕ್ಕೊಂದು ಹೊಸ ಗುಣ ಸೇರಿಸುತ್ತ ಬಂದೆ.

ಮಧ್ಯಾಹ್ನ

ಅಕ್ಕನ ಫೋನು. ಹದಿನೈದಕ್ಕೆ ಬರುತ್ತಾಳಂತೆ. ಗಾಡಿ ಓಡಿಸಬಹುದು ಅಂದಿದ್ದಾರಂತೆ ಡಾಕ್ಟರು. "ಕೋಲು ಹಿಡಿದು ನಡೆಯೋದಕ್ಕಿಂತ ಸ್ಟಿಯರಿಂಗ್ ಹಿಡಿಯೋದೇ ಸುಲಭ ಕಣೋ!" ಎಂಥ ನಗು! ಹೆರಿಗೆ ನರ್ಸ್ ಆಗಿ ಇಪ್ಪತ್ತೆರಡು ವರ್ಷ ಆ ಬಿಳಿ ಕಾರಿನಲ್ಲೇ ಮನೆಮನೆಗೆ ಓಡಾಡಿದವಳು.

ಮಾರ್ಚ್ 6

ಕವರಿನ ಅಂಗಡಿಗೆ ಹೋದೆ. "ಗಾಳಿ ಕೂಡ ನುಗ್ಗಬಾರದು, ಅಂಥದ್ದು ಕೊಡಿ!"

ಅಂಗಡಿಯವನು ಕನ್ನಡಕದ ಮೇಲಿಂದ ನೋಡಿದ. "ಮೆಲ್ಲಗೆ ಸಾರ್, ನನ್ನ ಕಿವಿ ಚೆನ್ನಾಗೇ ಇದೆ. ಗಾಳಿ ಆಡದಿದ್ರೆ ಒಳಗೇ ಬೆವರಿ ತುಕ್ಕು ಹಿಡಿಯುತ್ತೆ. ಗಾಡಿ ಏನು ಬಿಸ್ಕತ್ತಾ, ಡಬ್ಬೀಲಿ ಮುಚ್ಚಿಡೋಕೆ?"

ಎಂಟು ತಿಂಗಳು ನಾನು ಹೊಗಳಿದ ಕವರು ಕೊಳ್ಳಲೇಬಾರದ ಕವರಂತೆ.

ಒಂದೊಂದಾಗಿ ಹರಡಿದ. ಪ್ಲಾಸ್ಟಿಕ್ಕು — ಒಂದು ಬೇಸಿಗೆಗೆ ಸೀಳಿಹೋಗುತ್ತದೆ. ಒಂದೇ ಪದರದ್ದು — ಶೆಡ್ಡಿನೊಳಗಿನ ಧೂಳಿಗಷ್ಟೇ. ಬಯಲಲ್ಲಿ ನಿಲ್ಲುವ ಗಾಡಿಗೆ ಮೂರು ಪದರ: ಮೇಲೆ ಬಿಸಿಲು ನೀರು ತಡೆಯುವುದು, ಒಳಗೆ ಹತ್ತಿಯಂಥ ಮೆದು, ಗಾಡಿಯ ಹೊಟ್ಟೆಯಡಿಗೆ ಬಕಲ್ ಹಾಕುವ ಬೆಲ್ಟು. "ಅಳತೆ ತನ್ನಿ. ಸಡಿಲ ಆದ್ರೆ ಗಾಳಿಗೆ ಬಡಿದು ಪೇಂಟೆಲ್ಲ ಉಜ್ಜಿ ಹೋಗುತ್ತೆ. ಹೊದಿಸೋ ಮುಂಚೆ ತೊಳೆದು ಒಣಗಿಸಿ. ಈಗೇನು ಹಾಕಿದ್ದೀರಿ?"

"...ಬಟ್ಟೆ," ಅಂದೆ. ನನ್ನದೇ ದನಿಯೇ ಅದು?

ಮಾರ್ಚ್ 7

ಅಳತೆಗೆಂದು ಪರದೆ ಪೂರ್ತಿ ಎತ್ತಿದೆ. ಪರ್ರ್ ಎಂದು ಕಿತ್ತು ಬಂತು. ಬಾನೆಟ್ಟಿನ ಮೇಲೆ — ಅರಮನೆ! ಎರಡು ಕೆಂಪು ಕಂಬ, ತಿರುಗುಮುರುಗಾದ ಕಮಾನು, ಅರ್ಧ ಸಿಂಹಾಸನ. ಬಿಸಿಲಿಗೆ ಎಣ್ಣೆಬಣ್ಣ ಕರಗಿ ಬಿಳಿ ಕಾರಿಗೆ ಅಂಟಿದೆ.

ಬಣ್ಣದ ಮಗ್ಗುಲು ಒಳಗೆ ಬರುವಂತೆ ಹೊದಿಸಿದವನು ನಾನೇ. ಯಾಕೆ? ಬಿಸಿಲಿಗೆ ಅರಮನೆ ಮಾಸಬಾರದು ಎಂದು. ಬರೆಯಲು ಕೈ ಬರುತ್ತಿಲ್ಲ... ಪರದೆಯಿಂದ ಕಾರನ್ನು ಕಾಯಲಿಲ್ಲ ನಾನು. ಕಾರಿನ ಮೇಲೆ ನನ್ನ ಪರದೆಯನ್ನು ಜೋಪಾನ ಮಾಡಿದೆ.

ಹೆಂಡತಿ ಬಂದು ನೋಡಿದಳು. ನಗಲಿಲ್ಲ.

"ಅತ್ತಿಗೆಗೆ ಹೇಳಿಬಿಡಿ."

"ಹೇಳ್ತೀನಿ. ಸಮಯ ನೋಡಿ."

"ಸ್ಟೇಜ್ ಮೇಲೆ ಒಂದು ದಿನಾನೂ ಎಂಟ್ರಿ ತಪ್ಪಿಸಿದವರಲ್ಲ ನೀವು. ಇದಕ್ಕೆ ಮಾತ್ರ ಸಮಯ ಬೇಕಾ?"

ಮಾರ್ಚ್ 9

ಥಿನ್ನರಿನಲ್ಲಿ ಉಜ್ಜಿದೆ. ಕಂಬ ಹೋಯಿತು. ಕಾರಿನ ಬಿಳಿಯೂ ಹೋಯಿತು. ಸಿಂಹಾಸನ ಹಾಗೇ ಇದೆ.

ಮಾರ್ಚ್ 13

ಮೂರು ಪದರದ ಬೂದು ಕವರ್ ತಂದೆ. ತೊಳೆದೆ, ಒಣಗಿಸಿದೆ, ಹೊದಿಸಿದೆ, ಬಕಲ್ ಹಾಕಿದೆ. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂತಿತು. ಐದು ವರ್ಷ ಗ್ಯಾರಂಟಿ ಬಾಳುತ್ತದೆ ಅಂದ ಅಂಗಡಿಯವನು. ನಾನು ಕೊಂಡದ್ದು ಎರಡು ದಿನ ಆ ಕಲೆ ಮುಚ್ಚಿಡಲು. ಥೂ.

ಮಾರ್ಚ್ 15, ಸಂಜೆ

ಅಕ್ಕ ಬಂದಳು. ಮನೆಯೊಳಗೂ ಕಾಲಿಡದೆ ನೇರ ಕಾರಿನ ಹತ್ತಿರ. ಕೋಲೂರುತ್ತ ಸುತ್ತು ಬಂದಳು, ಕವರಿನ ಮೇಲೆ ಕೈ ಸವರಿದಳು. "ನೋಡಮ್ಮ, ಹೇಳಿದ ಹಾಗೇ ಮಾಡಿದ್ದಾನೆ ನನ್ನ ತಮ್ಮ," ಎಂದಳು ಹೆಂಡತಿಗೆ. ಇವಳು ಕೆಳಗೆ ನೋಡಿದಳು.

"ತೆಗೆದು ನೋಡೋಣ್ವೇನೋ?"

"ಬೇಡಕ್ಕಾ! ಧೂಳು! ನಾಳೆ!"

"ಸರಿ ಮಹಾರಾಜ. ಕೂಗಬೇಡ."

ಆಗ ಅವಳ ಹೆಬ್ಬೆರಳು ಕಾರಿನ ಬಾಗಿಲ ಮೇಲೆ, ಕವರಿನ ಒಂದು ಗೆರೆಯಲ್ಲಿ ನಿಂತಿತು. ಹೊಸ ಪ್ಯಾಕೆಟ್ಟಿನ ಮಡಿಕೆ. ಇನ್ನೂ ಇಸ್ತ್ರಿ ಗೆರೆಯಷ್ಟು ಚೂಪು. ಆ ಗೆರೆಯುದ್ದಕ್ಕೂ ಬೆರಳಾಡಿಸಿ ನನ್ನ ಮುಖ ನೋಡಿದಳು. ನಾನು ಟೈರು ನೋಡಿದೆ.

"ಎಂಟು ತಿಂಗಳಾದ್ರೂ ಹೊಸದರ ಹಾಗೇ ಇದೆ. ಗಟ್ಟಿ ಬಟ್ಟೆ," ಎಂದಳು. ಒಳಗೆ ಹೋಗಿ ಟೀ ಕೇಳಿದಳು.

ಬೈದಿದ್ದರೆ! ಬೈದಿದ್ದರೆ ಎದುರುತ್ತರ ನನ್ನಲ್ಲಿ ರಾಶಿಗಟ್ಟಲೆ ಇತ್ತು. ಗೊತ್ತಾಗಿಯೂ ನನ್ನ ಮಾನ ಕಾದಳಲ್ಲ... ಅದಕ್ಕೆ ಏನು ಹೇಳಲಿ?

ಮಾರ್ಚ್ 16, ಬೆಳಿಗ್ಗೆ ಎಂಟು

ಅಕ್ಕನಿಗೆ ಹೇಳಬೇಕಾದ್ದನ್ನು 'ಓ ಸೋದರೀ' ಎಂದು ಶುರುಮಾಡಿ ಒಂದು ಪುಟ ಬರೆದೆ. ಹರಿದು ಹಾಕಿದೆ. ಇಷ್ಟು ಸಾಕು: ಕವರ್ ತಂದಿರಲಿಲ್ಲ. ಸುಳ್ಳು ಹೇಳಿದೆ. ನಿನ್ನ ಕಾರು ಕೆಡಿಸಿದೆ.

ಅಂಗಳದಲ್ಲಿ ಟಕ್ ಎಂದಿತು. ಕಿಟಕಿಯಿಂದ ನೋಡಿದರೆ — ಅಕ್ಕ. ಬಗ್ಗಬಾರದು ಅಂದಿರುವ ಸೊಂಟ ಬಗ್ಗಿಸಿ ಬಕಲ್ ಬಿಚ್ಚುತ್ತಿದ್ದಾಳೆ. ಟಕ್. ಎರಡು.

"ಏ, ಒಬ್ಬಳ ಕೈಲಾಗಲ್ಲ ಇದು. ಬಾರೋ, ಆ ತುದಿ ಹಿಡ್ಕೋ."

ಎತ್ತುವ ಮೊದಲೇ ಹೇಳಬೇಕು. ಎತ್ತಿದ ಮೇಲೆ ಹೇಳಿದರೆ ಹೇಳಿದಂತಲ್ಲ, ಸಿಕ್ಕಿಬಿದ್ದಂತೆ. "ಅಕ್ಕಾ, ತಡಿ!" — ಇಲ್ಲಿಂದಲೇ ಕೂಗಿದೆ. ಮೈಕಿಲ್ಲದೆ ಕೊನೇ ಸಾಲಿಗೆ ಕೇಳಿಸುತ್ತಿದ್ದ ಗಂಟಲು. ಅವಳು ತಲೆ ಕೂಡ ಎತ್ತಲಿಲ್ಲ. ಹತ್ತಿರ ಹೋಗಿ, ಮೆಲ್ಲಗೇ ಹೇಳಬೇಕು. ಮೂರನೇ ಬಕಲ್. ಎದ್ದೆ. ಮೊದಲ ಮಾತು ಕವರಿನದಲ್ಲ, ಸುಳ್ಳಿನದು: ಅಕ್ಕಾ, ನಾನು —